ಮನೆವಾರ್ತೆ: ದಂಪತಿಗಳ ಹಾಸಿಗೆ

ಮನೆಯ ಸಾಮಾನುಗಳಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಉಪಯೋಗಕ್ಕೆ ಬರತಕ್ಕದ್ದು ಯಾವುದೆಂದು ಕೇಳಿದರೆ, ಒಬ್ಬರು ಒಲೆಯೆಂದಾರು, ಇನ್ನೊಬ್ಬರು ದೀಪವೆಂದಾರು. ಹಾಸಿಗೆಯ ಹೆಸರನ್ನು ಹೇಳುವವರು ವಿರಳ. ಬೆಳೆದವರಿಗೆ ದಿನವೊಂದಕ್ಕೆ ಕಡಮೆಯೆಂದರೂ ಏಳು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುವರು. ಆ ಲೆಕ್ಕದಂತೆ ವರ್ಷವೊಂದಕ್ಕೆ 2,500 ಗಂಟೆಗಳಿಗೂ ಮೇಲ್ಪಟ್ಟು ನಮ್ಮ ದೇಹದ ಭಾರವನ್ನು ಹೊರುವ ವಸ್ತು ಅದು. ಹೀಗಿದ್ದರೂ ಒಂದು ಸೀರೆಯನ್ನಾರಿಸಲು ನಾಲ್ಕು ಅಂಗಡಿಗಳನ್ನು ಹತ್ತಿ ಇಳಿಯುವ ನಾವು, ಹಾಸಿಗೆಯನ್ನು ಮಾತ್ರ ಅಂಗೈಯಿಂದ ಎರಡು ಸಲ ಅದುಮಿ ನೋಡಿ, ಗವಸಿನ ಹೂವು ಚೆನ್ನಾಗಿದೆಯೆಂದು ಒಪ್ಪಿ, ಹಣ ಕೊಟ್ಟು ಬಂದುಬಿಡುವೆವು. ಅದರ ಫಲವನ್ನು ಬೆನ್ನು ಎಷ್ಟೋ ವರ್ಷ ಅನುಭವಿಸುವುದು.

ಆದಕಾರಣ ಈ ತಿಂಗಳ ಮನೆವಾರ್ತೆಗೆ ಆ ವಿಷಯವನ್ನೇ ತೆಗೆದುಕೊಂಡಿದ್ದೇವೆ. ಗಂಡಹೆಂಡಿರಿಬ್ಬರೂ ಮಲಗತಕ್ಕ, ಗಟ್ಟಿಯಾದ, ಸಾಧಾರಣ ಸಂಸಾರದವರ ಕೈಗೆ ಎಟುಕುವ ಹಾಸಿಗೆಯನ್ನು ಆರಿಸುವುದು ಹೇಗೆ? ಇದರಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದುಂಟು. ಇಬ್ಬರ ಹಾಸಿಗೆಯೆಂದ ಮೇಲೆ ಅದು ಇಬ್ಬರ ದೇಹಕ್ಕೂ ಒಪ್ಪಬೇಕು. ಎಷ್ಟೋ ಮನೆಗಳಲ್ಲಿ ಹಾಗಾಗುವುದಿಲ್ಲ. ಯಜಮಾನನು ಒಬ್ಬನೇ ಪೇಟೆಗೆ ಹೋಗಿ ತನ್ನ ಬೆನ್ನಿಗೆ ಹಿತವಾದುದನ್ನು ತರುವನು. ಮನೆಯಾಕೆಯು ಬೆಳಗ್ಗೆ ಸೊಂಟವನ್ನು ಹಿಡಿದುಕೊಂಡು ಎದ್ದು, ಇದು ಕೆಲಸದ ಆಯಾಸವೆಂದೋ ವಯಸ್ಸಿನ ಗುಣವೆಂದೋ ತನ್ನಷ್ಟಕ್ಕೆ ತಾನೇ ಸಮಾಧಾನ ಹೇಳಿಕೊಂಡು ಒಲೆಯ ಮುಂದೆ ನಿಲ್ಲುವಳು. ಹಾಸಿಗೆಯ ಮೇಲೆ ಸಂಶಯ ಪಡುವವರು ಯಾರೂ ಇಲ್ಲ. ಈ ಲೇಖನವನ್ನು ಓದಿದವರು ಅಷ್ಟು ಸಂಶಯವನ್ನಾದರೂ ಪಟ್ಟರೆ ನಮ್ಮ ಶ್ರಮ ಸಾರ್ಥಕ.

ಹೊಸದು ಬೇಕೆ?

ಇದ್ದ ಹಾಸಿಗೆಯು ಸವೆದಿದೆಯೇ ಇಲ್ಲವೇ ಎಂಬುದನ್ನು ನೋಡದೆ ಹೊಸದಕ್ಕೆ ಹಣ ಚೆಲ್ಲಬಾರದು. ಮೇಲ್ಹಾಸನ್ನು ತೆಗೆದು, ಹಾಸಿಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ಯಾರೂ ಮಲಗದೆ ಇರುವಾಗಲೂ ದಾರಕ್ಕೂ ಹಾಸಿಗೆಗೂ ನಡುವೆ ಒಂದು ಅಂಗುಲಕ್ಕಿಂತ ಹೆಚ್ಚು ತಗ್ಗು ಕಂಡರೆ ಆ ಹಾಸಿಗೆಯ ಜೀವ ಮುಗಿಯುತ್ತ ಬಂದಿದೆಯೆಂದು ತಿಳಿಯತಕ್ಕದ್ದು. ತಗ್ಗು ಕಾಣದಿದ್ದರೆ ಮಂಚವನ್ನು ಸಂಶಯಿಸಿರಿ. ಹಾಸಿಗೆಯನ್ನು ನಾಲ್ಕು ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಅದರ ಮೇಲೆ ಹರಡಿ ಮಲಗಿ ನೋಡಿರಿ. ಅಲ್ಲಿ ಬೆನ್ನಿಗೆ ಸುಖವೆನಿಸಿದರೆ ತಪ್ಪು ಮಂಚದ್ದು. ನವಾರು ಸಡಿಲವಾದ ಮಂಚದ ಮೇಲೆ, ಅಥವಾ ನಡುವೆ ಬಾಗಿದ ಹಲಗೆಗಳ ಮೇಲೆ, ಎಷ್ಟು ಬೆಲೆಯ ಹಾಸಿಗೆಯನ್ನು ಹಾಕಿದರೂ ಅದು ಮಂಚದಂತೆಯೇ ಬಾಗುವುದು. ಬಡಗಿಯನ್ನು ಕರೆಸಿ ಎರಡು ಹಲಗೆಗಳನ್ನು ಬದಲಾಯಿಸಿದರೆ ಹಾಸಿಗೆಯ ಹಣ ಉಳಿಯಿತು.

ಗಟ್ಟಿಯೆಂದರೆ ಎಷ್ಟು ಗಟ್ಟಿ?

ಬೆನ್ನುನೋವಿನವರು ಹಲಗೆಯ ಮೇಲೆಯೋ ಬರಿನೆಲದ ಮೇಲೆಯೋ ಮಲಗಬೇಕೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಹಿಂದೆ ವೈದ್ಯರಲ್ಲಿಯೂ ಅನೇಕರು ಹೀಗೆಯೇ ಹೇಳುತ್ತಿದ್ದರು. ಇದನ್ನು ಪರೀಕ್ಷೆಗೆ ಒಡ್ಡಿದವರುಂಟು. ಸ್ಪೇನ್ ದೇಶದಲ್ಲಿ ಕೋವಾಕ್ಸ್ ಎಂಬ ವೈದ್ಯರೂ ಅವರ ಜೊತೆಗಾರರೂ ಬಹುದಿನದ ನಡುನೋವಿನಿಂದ ನರಳುತ್ತಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಲು ಗಟ್ಟಿಯಾದ ಹಾಸಿಗೆಗಳನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆಗಳನ್ನೂ ಕೊಟ್ಟು, 90 ದಿನಗಳ ತರುವಾಯ ಅವರ ಸ್ಥಿತಿಯನ್ನು ವಿಚಾರಿಸಿದರು. ಅದರ ವರದಿಯು 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಚ್ಚು ಗುಣ ಕಂಡದ್ದು ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ.

ಇದಕ್ಕೆ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಬೆನ್ನೆಲುಬು ನೆಟ್ಟಗಿರುವ ಕೋಲಲ್ಲ. ಕತ್ತಿನಲ್ಲಿಯೂ ಸೊಂಟದಲ್ಲಿಯೂ ಅದಕ್ಕೆ ಸ್ವಾಭಾವಿಕವಾದ ಬಾಗುಂಟು. ಮಲಗಿದಾಗ ದೇಹದಲ್ಲಿ ಹೆಚ್ಚು ತೂಗುವ ಭಾಗ ಸೊಂಟದ ಕೆಳಗಿನದು. ಹಾಸಿಗೆ ಮೆತ್ತಗಿದ್ದರೆ ಆ ಭಾಗ ಕುಳಿಯಲ್ಲಿ ಇಳಿದು, ಬೆನ್ನು ತೊಟ್ಟಿಲ ಬಟ್ಟೆಯಂತೆ ಜೋಲುವುದು. ಹಾಸಿಗೆ ಕಲ್ಲಿನಂತಿದ್ದರೆ ಭುಜವೂ ನಿತಂಬವೂ ಭಾರವನ್ನೆಲ್ಲ ಹೊತ್ತು, ನಡುವೆ ಸೊಂಟವು ಆಧಾರವಿಲ್ಲದೆ ನಿಲ್ಲುವುದು. ಮಗ್ಗುಲಾಗಿ ಮಲಗಿದವರ ತೋಳು ಜೋಮು ಹಿಡಿಯುವುದು. ಆದುದರಿಂದ ನಾವು ಹುಡುಕಬೇಕಾದ ಗಟ್ಟಿತನ ಯಾವುದೆಂದರೆ, ಮೇಲ್ಗಡೆ ಸ್ವಲ್ಪ ಮಣಿದು ಒಳಗಡೆ ಮಣಿಯದೆ ನಿಲ್ಲುವಂಥಾದ್ದು. ಮಾಗಿದ ಹಲಸಿನ ಹಣ್ಣಿನಂತೆ ಒಳಕ್ಕೆ ಕುಸಿಯಲೂ ಬಾರದು, ಒರಳುಕಲ್ಲಿನಂತೆ ಇರಲೂ ಬಾರದು.

ಇದನ್ನು ಅಂಗಡಿಯಲ್ಲಿ ತಿಳಿಯುವ ಒಂದು ಸುಲಭವಾದ ಉಪಾಯವನ್ನು ಹೇಳುವೆವು. ಹಾಸಿಗೆಯ ಮೇಲೆ ಅಂಗಾತ ಮಲಗಿ, ಇನ್ನೊಬ್ಬರಿಂದ ಸೊಂಟದ ಕೆಳಗೆ ಅಂಗೈಯನ್ನು ಚಪ್ಪಟೆಯಾಗಿ ತೂರಿಸಲು ಹೇಳಿರಿ. ಕೈ ಯಾವ ತಡೆಯೂ ಇಲ್ಲದೆ ಆಚೆಗೆ ಹೋದರೆ ಆ ಹಾಸಿಗೆ ನಿಮಗೆ ಬಲು ಗಟ್ಟಿ. ಕೈ ಹೋಗುವುದಕ್ಕೇ ಆಗದಿದ್ದರೆ ಬಲು ಮೆತ್ತಗೆ. ಮೈಯನ್ನೂ ಹಾಸಿಗೆಯನ್ನೂ ಸವರಿಕೊಂಡು ಸ್ವಲ್ಪ ಬಿಗಿಯಾಗಿ ಹೋದರೆ ಸರಿಯಾಯಿತು. ಆ ಬಳಿಕ ನೀವು ಮನೆಯಲ್ಲಿ ಯಾವ ಮಗ್ಗುಲಾಗಿ ನಿದ್ರಿಸುವಿರೋ ಆ ಮಗ್ಗುಲಾಗಿ ಹತ್ತು ಹದಿನೈದು ನಿಮಿಷ ಮಲಗಿರಬೇಕು. ಮೊದಲ ನಿಮಿಷದಲ್ಲಿ ಯಾವ ಹಾಸಿಗೆಯಾದರೂ ಸುಖವಾಗಿಯೇ ಇರುವುದು.

ನಾಲ್ಕು ಜನರೆದುರಿಗೆ ಅಂಗಡಿಯಲ್ಲಿ ಮಲಗಿ ನೋಡುವುದೆಂದರೆ ನಮ್ಮ ಹೆಂಗಸರಿಗೆ ಸಂಕೋಚವಾಗುವುದು ಸಹಜ. ವಾರದ ನಡುವಣ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು, ಗಿರಾಕಿಗಳು ಕಡಮೆಯಿರುವಾಗ ಹೋಗಬಹುದು. ಅತ್ತೆಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಬಹುದು. ಈಚೆಗೆ ಹಾಸಿಗೆಯನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮನೆಗೇ ಕಳುಹಿಸುವ ವ್ಯಾಪಾರವೂ ಬಂದಿದೆ. ಇಂತಿಷ್ಟು ರಾತ್ರಿ ಮಲಗಿ ನೋಡಿ ಒಪ್ಪದಿದ್ದರೆ ಹಿಂದಕ್ಕೆ ಕಳುಹಿಸಬಹುದೆಂಬ ಕರಾರು ಇದ್ದಲ್ಲಿ, ಅದೇ ಸಂಕೋಚದವರಿಗೆ ಉತ್ತಮವಾದ ದಾರಿ. ಆದರೆ ಹಿಂದಕ್ಕೆ ಕೊಂಡೊಯ್ಯುವ ಖರ್ಚು ಯಾರದು, ಹಣ ಪೂರ್ತಿಯಾಗಿ ಬರುವುದೇ ಎಂಬುದನ್ನು ಕೊಳ್ಳುವ ಮುಂಚೆಯೇ ಓದಿಕೊಳ್ಳಬೇಕು.

ಎರಡು ಭಾರ, ಒಂದು ಹಾಸಿಗೆ

ಈಗ ದಂಪತಿಗಳ ಮುಖ್ಯವಾದ ತೊಡಕಿಗೆ ಬರೋಣ. ಗಂಡನು 80 ಕಿಲೋಗ್ರಾಂ, ಹೆಂಡತಿಯು 50 ಕಿಲೋಗ್ರಾಂ ತೂಗುವರೆಂದು ಇಟ್ಟುಕೊಳ್ಳಿ. 80 ಕಿಲೋಗ್ರಾಮಿನವನಿಗೆ ಮಧ್ಯಮವೆನಿಸಿದ ಹಾಸಿಗೆ 50 ಕಿಲೋಗ್ರಾಮಿನವಳಿಗೆ ಹಲಗೆಯಂತೆ ತೋರುವುದು. ಅವಳಿಗೆ ಹಿತವಾದುದು ಅವನ ಕೆಳಗೆ ಕುಸಿಯುವುದು. ಭಾರವುಳ್ಳವರ ಕಡೆ ತಗ್ಗಾದರೆ ಹಗುರವಾದವರು ರಾತ್ರಿಯೆಲ್ಲ ತಿಳಿಯದೆಯೇ ಆ ಇಳಿಜಾರಿಗೆ ಎದುರಾಗಿ ಮೈಯನ್ನು ಬಿಗಿಹಿಡಿದು ಮಲಗುವರು. ಬೆಳಗ್ಗೆ ಎದ್ದಾಗ ಮೈ ನುಗ್ಗುನುರಿಯಾಗಿರುವುದಕ್ಕೆ ಇದೇ ಕಾರಣವಾಗಿರಬಹುದು. ಒಬ್ಬರು ಮಗ್ಗುಲು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರವಾಗುವುದು ಇನ್ನೊಂದು ತೊಂದರೆ. ಹಸುಳೆಯನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುವ ತಾಯಿಗೆ ಇದು ಅಲ್ಪವಾದ ಮಾತಲ್ಲ.

ಇದಕ್ಕೆ ಹೆಚ್ಚು ಬೆಲೆಯ ಪರಿಹಾರಗಳನ್ನು ಅಂಗಡಿಯವರು ಹೇಳುವರು. ಕಡಮೆ ಬೆಲೆಯ ಪರಿಹಾರವು ನಮ್ಮ ಹಳೆಯ ಮನೆಗಳಲ್ಲಿಯೇ ಇತ್ತು: ಎರಡು ಒಂಟಿ ಹಾಸಿಗೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಒಂದೇ ಮೇಲ್ಹಾಸನ್ನು ಹೊದಿಸುವುದು. ಒಂಟಿ ಹಾಸಿಗೆಯ ಅಗಲ ಸಾಮಾನ್ಯವಾಗಿ 36 ಅಂಗುಲ. ಎರಡು ಸೇರಿದರೆ 72 ಅಂಗುಲದ ದೊಡ್ಡ ಮಂಚಕ್ಕೆ ಸರಿಯಾಗಿ ಹೊಂದುವುದು. ಮಂಚ 60 ಅಂಗುಲದ್ದಾದರೆ 30 ಅಂಗುಲದ ಎರಡನ್ನು ಹೇಳಿ ಮಾಡಿಸಿಕೊಳ್ಳಬಹುದು. ದಪ್ಪವು ಮಾತ್ರ ಎರಡಕ್ಕೂ ಒಂದೇ ಇರತಕ್ಕದ್ದು. ಅವನದು ಗಟ್ಟಿ, ಅವಳದು ಮಧ್ಯಮ, ಯಾರದು ಯಾರಿಗೂ ಅಡ್ಡಿಯಿಲ್ಲ. ಒಬ್ಬರು ಹೊರಳಿದರೆ ಇನ್ನೊಬ್ಬರ ಹಾಸಿಗೆ ಅಲುಗುವುದು ಬಹಳ ಕಡಮೆ. ನಡುವಣ ಸಂದು ತೋರದಂತೆ ಮೇಲೆ ಒಂದು ಕೌದಿಯನ್ನು ಹಾಸಿದರೆ ಸಾಕು. ಬಿಸಿಲಿಗೆ ಹಾಕಲು ಮಾಳಿಗೆಗೆ ಹೊರುವುದಾಗಲಿ, ತಿರುವಿ ಹಾಕುವುದಾಗಲಿ, ಒಬ್ಬಳೇ ಹೆಂಗಸಿನ ಕೈಯಲ್ಲಿ ಆಗುವ ಕೆಲಸ. ಒಂದು ಸವೆದರೆ ಅದೊಂದನ್ನೇ ಬದಲಾಯಿಸಬಹುದು. ನೆಂಟರು ಬಂದರೆ ಬೇರ್ಪಡಿಸಿ ಹಾಸಬಹುದು. ಇಷ್ಟು ಗುಣಗಳು ಒಂದೇ ದೊಡ್ಡ ಹಾಸಿಗೆಯಲ್ಲಿ ಇಲ್ಲ.

ಒಳಗಿನ ಸರಕು

ಹಾಸಿಗೆಯ ಬೆಲೆಯನ್ನು ಹೇಳುವುದು ಗವಸು. ಅದರ ಆಯುಸ್ಸನ್ನು ಹೇಳುವುದು ಒಳಗಿನ ಸರಕು. ಆದುದರಿಂದ ಒಳಗೇನಿದೆಯೆಂದು ಕೇಳಿ, ಸಾಧ್ಯವಿದ್ದಲ್ಲಿ ಗವಸಿನ ಸರಪಳಿಯನ್ನು ಬಿಚ್ಚಿಸಿ ನೋಡಬೇಕು.

ಹತ್ತಿ ನಮ್ಮ ನಾಡಿನ ಪುರಾತನವಾದ ಸರಕು. ಧಾರವಾಡ, ಗದಗ, ಹಾವೇರಿಗಳ ಕರಿಯ ಭೂಮಿಯಲ್ಲಿ ಬೆಳೆದ ಹತ್ತಿಯಿಂದ ಗಾದಿಗಳನ್ನು ಮಾಡುವ ಪಿಂಜಾರ ಕುಟುಂಬಗಳು ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿವೆ. ನದಾಫರೆಂದೂ ಅವರನ್ನು ಕರೆಯುವರು. ಹೆಗಲ ಮೇಲೆ ಬಿಲ್ಲನ್ನು ಹೊತ್ತು, ಅದರ ತಂತಿಯ ಝೇಂಕಾರದಿಂದಲೇ ತಮ್ಮ ಬರವನ್ನು ಬೀದಿಗೆ ತಿಳಿಸುತ್ತ ಬರುತ್ತಿದ್ದವರು ಅವರು. ಈಗ ಹಿಂಜುವ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ಮಾಡುವುದು. ಹತ್ತಿಯ ಹಾಸಿಗೆ ಗಟ್ಟಿಯಾದುದು, ಬೆವರನ್ನು ಹೀರುವುದು, ಸೆಕೆಯ ಸೀಮೆಗೆ ಒಳ್ಳೆಯದು. ಉದ್ದ ಎಳೆಯ ನಯವಾದ ಹತ್ತಿಗಿಂತ ಗಿಡ್ಡ ಎಳೆಯ ಒರಟು ನಾಟಿಹತ್ತಿಯೇ ಹಾಸಿಗೆಗೆ ಲೇಸು. ಅದು ಅಷ್ಟು ಬೇಗ ಒತ್ತಿಕೊಳ್ಳುವುದಿಲ್ಲ. ಅದರ ದೊಡ್ಡ ಗುಣವೆಂದರೆ, ಹಳೆಯದಾದರೆ ಎಸೆಯಬೇಕಾಗಿಲ್ಲ. ಎರಡು ಮೂರು ವರ್ಷಗಳಿಗೊಮ್ಮೆ ಬಿಚ್ಚಿಸಿ, ಹಿಂಜಿಸಿ, ಸ್ವಲ್ಪ ಹೊಸ ಹತ್ತಿಯನ್ನು ಕೂಡಿಸಿ ತುಂಬಿಸಿದರೆ ಮತ್ತೆ ಹೊಸದಾಗುವುದು. ಆ ಕೂಲಿ ಹೊಸ ಹಾಸಿಗೆಯ ಬೆಲೆಯ ಒಂದು ಪಾಲು ಮಾತ್ರ.

ದೋಷಗಳೂ ಇವೆ. ಹತ್ತಿಯ ಹಾಸಿಗೆ ಭಾರ. ತಿಂಗಳಿಗೆ ಎರಡು ಸಲವಾದರೂ ಬಿಸಿಲು ಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ತೇವವನ್ನು ಹೀರಿ ಗಂಟುಗಂಟಾಗುವುದು. ಮಾಡಿಸುವಾಗ ಮೋಸಕ್ಕೂ ಅವಕಾಶವುಂಟು. ಮೇಲೆ ಬಿಳಿಯ ಹತ್ತಿಯನ್ನು ಹರಡಿ ಒಳಗೆ ಗಿರಣಿಯ ಕಸರನ್ನೋ ಹಳೆಯ ಹಾಸಿಗೆಗಳ ಪುಡಿಯನ್ನೋ ತುಂಬುವವರಿದ್ದಾರೆ. ಆದಕಾರಣ ಹತ್ತಿಯನ್ನು ನಿಮ್ಮೆದುರಿಗೆ ತೂಗಿಸಿ, ನಿಮ್ಮೆದುರಿಗೇ ತುಂಬಿಸಿರಿ. ಒಂಟಿ ಹಾಸಿಗೆಗೆ ಸುಮಾರು 10ರಿಂದ 12 ಕಿಲೋಗ್ರಾಂ ಹಿಡಿಸುವುದು. ಅಲ್ಲಲ್ಲಿ ದಾರ ಹಾಕಿ ಬಿಗಿಯುವ ಹೊಲಿಗೆ ಒತ್ತೊತ್ತಾಗಿರಲಿ. ಅದು ವಿರಳವಾದರೆ ಹತ್ತಿಯು ನಡುವಿನಿಂದ ಅಂಚಿಗೆ ಸರಿಯುವುದು.

ಬೂರುಗದ ಹತ್ತಿಯು ಹಗುರವಾದುದು, ನೀರನ್ನು ಹೀರದು. ಕರಾವಳಿಯವರು ಅದನ್ನು ಮೆಚ್ಚುವುದು ಇದಕ್ಕಾಗಿಯೇ. ಆದರೆ ಅದರ ಎಳೆ ಬಲು ಪೆಳಸು. ದಿಂಬಿಗೆ ಅದಕ್ಕೆ ಸಮನಾದುದಿಲ್ಲ. ಇಬ್ಬರ ಭಾರವನ್ನು ಹೊರುವ ಹಾಸಿಗೆಯಲ್ಲಿ ಕೆಲವು ವರ್ಷಗಳಲ್ಲೇ ಪುಡಿಯಾಗುವುದು.

ತೆಂಗಿನ ನಾರಿನ ಹಾಸಿಗೆಯನ್ನು ತುಮಕೂರು, ಹಾಸನಗಳ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಸುರುಳಿಯಾಗಿ ಹುರಿಮಾಡಿ ಬಿಡಿಸಿದ ನಾರಿಗೆ ರಬ್ಬರಿನ ಹಾಲನ್ನು ಚಿಮುಕಿಸಿ, ಅಚ್ಚಿನಲ್ಲಿಟ್ಟು ಒತ್ತಿ ಕಾಯಿಸಿ ಅದನ್ನು ಮಾಡುವರು. ಗಾಳಿ ಆಡುವುದು, ಗಟ್ಟಿಯಾಗಿರುವುದು, ಬೆಲೆಯೂ ಮಿತ. ಮುಖ್ಯವಾದ ದೋಷವೆಂದರೆ, ನಾರು ಒಂದು ಸಲ ಮುರಿದು ತಗ್ಗಾದರೆ ಮತ್ತೆ ಏಳದು. ಮಂಚದ ಅಂಚಿನಲ್ಲಿ ದಿನವೂ ಒಂದೇ ಕಡೆ ಕುಳಿತುಕೊಳ್ಳುವ ಅಭ್ಯಾಸವುಳ್ಳವರ ಮನೆಯಲ್ಲಿ ಇದು ಬೇಗ ಕೆಡುವುದು. ಕೇವಲ ನಾರಿನದಕ್ಕಿಂತ ಮೇಲೆ ಒಂದು ಅಂಗುಲದಷ್ಟು ಮೆತ್ತನೆಯ ಪದರವಿರುವುದು ಮಗ್ಗುಲಾಗಿ ಮಲಗುವವರಿಗೆ ಹಿತ.

ಇನ್ನು ಫೋಮ್. ಪಾಲಿಯುರಿಥೇನ್ ಎಂಬ ಈ ರಾಸಾಯನಿಕ ವಸ್ತುವಿನ ಮೂಲವಿಧಾನವನ್ನು 1937ರಲ್ಲಿ ಜರ್ಮನಿಯ ಓಟ್ಟೋ ಬಾಯರ್ ಎಂಬ ವಿಜ್ಞಾನಿಯು ಕಂಡುಹಿಡಿದನು. ಇಂದು ಅಂಗಡಿಗಳಲ್ಲಿರುವ ಹಾಸಿಗೆಗಳಲ್ಲಿ ಬಹುಪಾಲು ಇದರವೇ. ಇದರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸಾಂದ್ರತೆ ಎಷ್ಟು? ಅಂದರೆ, ಒಂದು ಘನ ಮೀಟರು ಫೋಮ್ ಎಷ್ಟು ಕಿಲೋಗ್ರಾಂ ತೂಗುವುದು? ಸಾಂದ್ರತೆ 32ಕ್ಕೆ ಕಡಮೆಯಿರುವುದನ್ನು ಇಬ್ಬರ ಹಾಸಿಗೆಗೆ ಕೊಳ್ಳಬಾರದು. 40 ಇದ್ದರೆ ವಾಸಿ. ಸಾಂದ್ರತೆಯೇ ಬೇರೆ, ಗಟ್ಟಿತನವೇ ಬೇರೆ ಎಂಬುದನ್ನೂ ಮರೆಯಲಾಗದು. ಗಟ್ಟಿತನವನ್ನು ಬೆನ್ನು ಹೇಳುವುದು. ಎಷ್ಟು ವರ್ಷ ಬಾಳೀತೆಂಬುದನ್ನು ಸಾಂದ್ರತೆ ಹೇಳುವುದು. ಕಡಮೆ ಸಾಂದ್ರತೆಯದನ್ನೂ ಗಟ್ಟಿಯಾಗಿ ಮಾಡಬಹುದು. ಅದು ಅಂಗಡಿಯಲ್ಲಿ ಗಟ್ಟಿಯಾಗಿದ್ದು ಮನೆಗೆ ಬಂದ ಕೆಲವು ತಿಂಗಳಲ್ಲೇ ಕುಸಿಯುವುದು.

ಕಡಮೆ ಬೆಲೆಗೆ ಗಟ್ಟಿಯಾದುದು ಬೇಕೆಂಬವರಿಗೆ ‘ರೀಬಾಂಡೆಡ್’ ಎಂಬ ಜಾತಿಯೊಂದುಂಟು. ಕಾರ್ಖಾನೆಯಲ್ಲಿ ಉಳಿದ ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಅದನ್ನು ಮಾಡುವರು. ಬಣ್ಣಬಣ್ಣದ ಚೂರುಗಳು ಕೊಬರಿಮಿಠಾಯಿಯಂತೆ ಕಾಣುವುವು. ನೋಟಕ್ಕೆ ಚೆಂದವಿಲ್ಲದಿದ್ದರೂ ಭಾರವನ್ನು ಹೊರುವುದರಲ್ಲಿ ಗಟ್ಟಿಗ. ಅದರ ಸಾಂದ್ರತೆ 80, 90, 100 ಹೀಗೆ ಇರುವುದು. ಕೆಳಗೆ ನಾಲ್ಕು ಅಂಗುಲ ಇದನ್ನಿಟ್ಟು, ಮೇಲೆ ಒಂದು ಎರಡು ಅಂಗುಲ ಒಳ್ಳೆಯ ಮೆತ್ತನೆಯ ಫೋಮನ್ನು ಹೊಂದಿಸಿದ ಹಾಸಿಗೆಯೇ ಸಾಧಾರಣ ಸಂಸಾರದ ದಂಪತಿಗಳಿಗೆ ನಮ್ಮ ಮೊದಲನೆಯ ಶಿಫಾರಸು. ಗವಸಿನ ಬಿಗಿ ಹೊಲಿಗೆಯಿಂದ ಒಳಗಿನದು ಕಾಣದಿದ್ದರೆ ಅಂಚನ್ನು ಬಿಚ್ಚಿ ತೋರಿಸಲು ಹೇಳಿರಿ. ತೋರಿಸಲೊಪ್ಪದ ಅಂಗಡಿಯನ್ನು ಬಿಟ್ಟು ಮುಂದಕ್ಕೆ ಹೋಗಿರಿ.

ಬಾಯಿಮಾತನ್ನು ನಂಬದೆ ತಕ್ಕಡಿಯನ್ನು ನಂಬತಕ್ಕವರಿಗೆ ಒಂದು ಲೆಕ್ಕ. ಹಾಸಿಗೆಯ ಉದ್ದ, ಅಗಲ, ದಪ್ಪಗಳನ್ನು ಅಂಗುಲದಲ್ಲಿ ಗುಣಿಸಿ, ಬಂದುದನ್ನು 61,000ದಿಂದ ಭಾಗಿಸಿದರೆ ಘನ ಮೀಟರು ದೊರೆಯುವುದು. 72 ಅಂಗುಲ ಉದ್ದ, 60 ಅಂಗುಲ ಅಗಲ, 5 ಅಂಗುಲ ದಪ್ಪದ ಹಾಸಿಗೆಯು 21,600 ಘನ ಅಂಗುಲ, ಅಂದರೆ ಹೆಚ್ಚುಕಡಮೆ 0.35 ಘನ ಮೀಟರು. ಅದರೊಳಗಿನ ಫೋಮ್ 32 ಸಾಂದ್ರತೆಯದಾದರೆ ಸುಮಾರು 11 ಕಿಲೋಗ್ರಾಂ, 40ರದಾದರೆ 14 ಕಿಲೋಗ್ರಾಂ, 90ರ ರೀಬಾಂಡೆಡ್ ಆದರೆ 32 ಕಿಲೋಗ್ರಾಂ ತೂಗಬೇಕು. ಗವಸಿನ ತೂಕ ಬೇರೆ. ನಲವತ್ತೆಂದು ಹೇಳಿದ ಹಾಸಿಗೆ ಗವಸು ಸಹಿತವಾಗಿ ಹತ್ತೇ ಕಿಲೋಗ್ರಾಂ ತೂಗಿದರೆ ಹೇಳಿದ ಮಾತು ಸುಳ್ಳು. ತೂಕ ಹೆಚ್ಚಲೆಂದು ಸುಣ್ಣದ ಪುಡಿಯನ್ನು ಬೆರೆಸಿದ ಫೋಮೂ ಉಂಟಾದುದರಿಂದ, ಮಂಡಿಯೂರಿ ಒತ್ತಿ ಬಿಟ್ಟು, ತಟ್ಟನೆ ಏಳುವುದೇ ಎಂದೂ ನೋಡಿರಿ. ಅಂಚನ್ನು ಉಜ್ಜಿದರೆ ಪುಡಿ ಉದುರಬಾರದು.

ಉಳಿದವುಗಳನ್ನು ಕುರಿತು ಸಂಕ್ಷೇಪವಾಗಿ ಹೇಳುವೆವು. ರಬ್ಬರಿನ ಹಾಲಿನಿಂದಾದ ಲೇಟೆಕ್ಸ್ ಬಹುಕಾಲ ಬಾಳುವುದು. ಅದರ ಬೆಲೆಯೂ ಹೆಚ್ಚು, ತೂಕವೂ ಹೆಚ್ಚು. ‘ಮೆಮರಿ ಫೋಮ್’ ಎಂಬುದು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಕೆಲಸಕ್ಕಾಗಿ ವಿಮಾನದ ಪೀಠಗಳಿಗೆಂದು ಹುಟ್ಟಿದುದು. ಮೈಯ ಬಿಸಿಗೆ ಕರಗಿದಂತೆ ಮಣಿಯುವುದರಿಂದ ಬಳ್ಳಾರಿ, ಕಲಬುರಗಿಗಳ ಬೇಸಗೆಯಲ್ಲಿ ಅದರ ಮೇಲೆ ಬೆವರುವವರು ಬಹಳ. ಸ್ಪ್ರಿಂಗ್ ಹಾಸಿಗೆಗಳಲ್ಲಿ ಎರಡು ಬಗೆ: ಎಲ್ಲ ಸ್ಪ್ರಿಂಗುಗಳನ್ನೂ ತಂತಿಯಿಂದ ಹೆಣೆದುದು ಒಂದು, ಒಂದೊಂದನ್ನೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹೊಲಿದುದು ಇನ್ನೊಂದು. ಹೆಣೆದುದರಲ್ಲಿ ಒಬ್ಬರು ಅಲುಗಿದರೆ ಇನ್ನೊಬ್ಬರೂ ಅಲುಗುವರು; ಆದುದರಿಂದ ದಂಪತಿಗಳು ಸ್ಪ್ರಿಂಗನ್ನೇ ಬಯಸಿದರೆ ಚೀಲದ ಬಗೆಯನ್ನು ಕೇಳತಕ್ಕದ್ದು. ಕೊನೆಯದಾಗಿ, ‘ಆರ್ಥೊಪೆಡಿಕ್’ ಎಂಬ ಪದವನ್ನು ಗವಸಿನ ಮೇಲೆ ಕಂಡ ಮಾತ್ರಕ್ಕೆ ಹೆಚ್ಚು ಹಣ ಕೊಡಬೇಡಿರಿ. ಅದು ವೈದ್ಯರು ಕೊಟ್ಟ ಪ್ರಮಾಣಪತ್ರವಲ್ಲ, ವ್ಯಾಪಾರದ ಹೆಸರು.

ಅಳತೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಖರ್ಚಿಗೆ ಸಲ್ಲುವುದು. ಹಾಸಿಗೆಯನ್ನೇ ಕೊಳ್ಳುವಾಗ ಕಾಲನ್ನು ಅಳೆದು ಹಾಸಿಗೆಯನ್ನು ಗೊತ್ತುಮಾಡಬೇಕು. ಇಬ್ಬರಲ್ಲಿ ಎತ್ತರವಾದವರ ಎತ್ತರಕ್ಕಿಂತ ಐದಾರು ಅಂಗುಲ ಉದ್ದವಾಗಿರಲಿ. ಅಂಗಡಿಗಳಲ್ಲಿ 72, 75, 78 ಅಂಗುಲದ ಉದ್ದಗಳು ದೊರೆಯುವುವು. ಅಗಲ 60 ಅಂಗುಲವಾದರೆ ಒಬ್ಬೊಬ್ಬರಿಗೆ 30 ಅಂಗುಲ ಬಂದಂತಾಯಿತು. ಮಗುವಿಗೂ ಅದರಲ್ಲೇ ಜಾಗ ಬೇಕಾದರೆ ಇಕ್ಕಟ್ಟು. ಕೋಣೆ ಹತ್ತಡಿ ಅಗಲವಿದ್ದು ನಡುವೆ 72 ಅಂಗುಲದ ಮಂಚ ಹಾಕಿದರೆ ಎರಡು ಕಡೆಯೂ ಎರಡೆರಡು ಅಡಿ ಉಳಿಯುವುದು. ಅಷ್ಟರಲ್ಲಿ ಬೀರುವಿನ ಬಾಗಿಲು ತೆರೆಯುವುದೇ ನೋಡಿಕೊಳ್ಳಿರಿ.

ಮಂಚದ ಒಳ ಅಳತೆಯನ್ನು ತಲೆಯ ಕಡೆ, ನಡುವೆ, ಕಾಲ ಕಡೆ ಹೀಗೆ ಮೂರೆಡೆ ತೆಗೆಯಬೇಕು. ಬಡಗಿಯು ಮಾಡಿದ ಮಂಚದಲ್ಲಿ ಅರ್ಧ ಅಂಗುಲದ ಹೆಚ್ಚುಕಡಮೆ ಇದ್ದೇ ಇರುವುದು. ಎತ್ತರವನ್ನೂ ಮರೆಯಬಾರದು. ಮಂಚದ ಅಂಚಿನಲ್ಲಿ ಕುಳಿತರೆ ಪಾದಗಳು ನೆಲಕ್ಕೆ ಸಮವಾಗಿ ತಾಕಬೇಕು. ಮಂಚ 16 ಅಂಗುಲವಿದ್ದು ಹತ್ತು ಅಂಗುಲದ ಭಾರಿ ಹಾಸಿಗೆಯನ್ನು ಹೇರಿದರೆ, ಗರ್ಭಿಣಿಯರೂ ಮಂಡಿನೋವಿನವರೂ ರಾತ್ರಿ ಇಳಿಯುವಾಗ ಕಾಲಿಗೆ ನೆಲ ಸಿಕ್ಕದೆ ತಡಕಾಡುವರು. ಐದಾರು ಅಂಗುಲ ದಪ್ಪದ ಒಳ್ಳೆಯ ಸರಕು ಹತ್ತು ಅಂಗುಲದ ಪೊಳ್ಳು ಸರಕಿಗಿಂತ ಮೇಲು.

ಬೆಲೆಯ ಲೆಕ್ಕ

ಕೈಗೆಟುಕುವ ಬೆಲೆಯೆಂದರೆ ಅಂಗಡಿಯಲ್ಲಿ ಕಡಮೆಯಾಗಿ ಕೊಡುವ ಬೆಲೆಯಲ್ಲ. ಲೆಕ್ಕಕ್ಕೆ ಹೇಳುವುದಾದರೆ, 6,000 ರೂಪಾಯಿಗಳ ಹಾಸಿಗೆ ಮೂರು ವರ್ಷ ಬಾಳಿದರೆ ವರ್ಷಕ್ಕೆ 2,000 ಬಿತ್ತು. 12,000 ರೂಪಾಯಿಗಳದು ಎಂಟು ವರ್ಷ ಬಾಳಿದರೆ ವರ್ಷಕ್ಕೆ 1,500 ಆಯಿತು. ಎರಡನೆಯದೇ ಅಗ್ಗ. ಅಷ್ಟು ಹಣ ಒಮ್ಮೆಗೇ ಹೊಂದದಿದ್ದರೆ ಸಾಲ ಮಾಡಬೇಕಾಗಿಲ್ಲ: ಒಂಟಿ ಹಾಸಿಗೆಗಳ ಉಪಾಯದಲ್ಲಿ ಈ ವರ್ಷ ಒಂದು, ಮುಂದಿನ ವರ್ಷ ಒಂದು ಕೊಳ್ಳಬಹುದು. ಹಾಗೆ ಕೊಳ್ಳುವುದಾದರೆ ಮೊದಲನೆಯದು ನೋವು ಹೆಚ್ಚಿರುವವರಿಗೆ ಸಲ್ಲಬೇಕು. ಅದು ಯಾರೆಂಬುದನ್ನು ಕೇಳಿ ತಿಳಿಯಬೇಕು, ಊಹಿಸಬಾರದು.

ಇಷ್ಟು ವರ್ಷದ ಭರವಸೆಯೆಂದು ಬರೆದ ಕಾಗದವನ್ನು ಪೂರ್ತಿಯಾಗಿ ಓದಿರಿ. ಎಷ್ಟು ಅಂಗುಲ ತಗ್ಗಾದರೆ ಬದಲಾಯಿಸಿ ಕೊಡುವರು? ಕಲೆಯಾದರೆ ಭರವಸೆ ರದ್ದಾಗುವುದೇ? ವರ್ಷ ಕಳೆದಂತೆ ನಮ್ಮ ಪಾಲಿನ ಹಣ ಏರುವುದೇ? ಈ ಮೂರನ್ನೂ ಕೇಳಿ ರಸೀತಿಯ ಮೇಲೆ ಸಾಂದ್ರತೆಯನ್ನೂ ಒಳಗಿನ ಪದರಗಳನ್ನೂ ಬರೆಸಿಕೊಳ್ಳಬೇಕು. ಪರರು ಬಳಸಿದ ಹಾಸಿಗೆಯನ್ನು ಎಷ್ಟು ಅಗ್ಗವಾಗಿ ದೊರೆತರೂ ಕೊಳ್ಳಬೇಡಿರಿ. ಅದರ ಹೊಲಿಗೆಗಳಲ್ಲಿ ತಿಗಣೆಯು ಕಣ್ಣಿಗೆ ಕಾಣದೆ ಮನೆಯನ್ನು ಹೊಕ್ಕೀತು.

ಕೊಂಡ ಮೇಲೆ

ಹೊಸ ಫೋಮಿನ ವಾಸನೆ ಹೋಗುವಂತೆ ಒಂದೆರಡು ದಿನ ಗಾಳಿಗೆ ಬಿಡಿ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲ ಕಡೆಗೆ ತಿರುಗಿಸಿ ಹಾಕಿರಿ. ಹತ್ತಿಗೆ ಬಿಸಿಲು ಔಷಧ; ಫೋಮಿಗೂ ರಬ್ಬರು ಬೆರೆತ ನಾರಿಗೂ ಸುಡುಬಿಸಿಲು ವಿಷ, ಅವುಗಳಿಗೆ ನೆರಳಿನ ಗಾಳಿ ಸಾಕು. ನೆಲದ ಮೇಲೆ ಹಾಸುವವರು ಅಡಿಯಲ್ಲಿ ಈಚಲ ಚಾಪೆಯನ್ನು ಹಾಕಿ ಬೆಳಗ್ಗೆ ಎತ್ತಿ ನಿಲ್ಲಿಸದಿದ್ದರೆ ಅಡಿಭಾಗ ಬೆವತು ಬೂಷ್ಟು ಹಿಡಿಯುವುದು. ಒಗೆಯಲು ಬರುವ ಹೊರಗವಸೊಂದನ್ನು ಮೊದಲ ದಿನದಿಂದಲೇ ಹಾಕಿರಿ.

ಒಳ್ಳೆಯ ಹಾಸಿಗೆಯು ಔಷಧವಲ್ಲವೆಂಬುದನ್ನೂ ಹೇಳಿಬಿಡಬೇಕು. ಬೆನ್ನುನೋವಿನೊಡನೆ ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಜ್ವರ, ಮೂತ್ರದ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಅಂಗಡಿಗೆ ಹೋಗದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಅಂಥ ಲಕ್ಷಣಗಳಿಲ್ಲದೆ, ಬೆಳಗ್ಗೆ ಎದ್ದಾಗ ಇದ್ದು ಹೊತ್ತೇರಿದಂತೆ ಇಳಿಯುವ ನೋವಾದರೆ ಅದರಲ್ಲಿ ಹಾಸಿಗೆಯ ಪಾಲಿರಬಹುದು. ಈ ತಿಂಗಳಲ್ಲಿ ಒಂದು ಬೆಳಗ್ಗೆ ದಂಪತಿಗಳು ಒಬ್ಬರನ್ನೊಬ್ಬರು ‘ನಿದ್ರೆ ಹೇಗಾಯಿತು, ಮೈ ಎಲ್ಲಿ ನೋಯುತ್ತಿದೆ’ ಎಂದು ಕೇಳಿಕೊಳ್ಳಲಿ. ಉತ್ತರವನ್ನು ಗುರುತುಹಾಕಿಕೊಂಡು, ಮೇಲೆ ಹೇಳಿದ ದಾರವನ್ನು ಹಿಡಿದು ನೋಡಲಿ. ಕೊಳ್ಳುವ ಮಾತು ಅದಾದ ಮೇಲೆ.

ಹಾಸಿಗೆಗೆ ತಕ್ಕ ದಿಂಬು ಯಾವುದೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.